ವಿಂಟರ್‌ಗ್ರೀನ್ ಗಿಡಕ್ಕೆ ಅಷ್ಟೊಂದು ಹೆಸರು ಯಾಕೆ?

ಟೀಬೆರಿ, ಚೆಕರ್‌ಬೆರಿ, ಬಾಕ್ಸ್‌ಬೆರಿ ಎಲ್ಲವೂ ಇದೇ ಒಂದು ಗಿಡ, ವೈಜ್ಞಾನಿಕ ಹೆಸರು ಗಾಲ್ತೇರಿಯಾ ಪ್ರೊಕಂಬೆನ್ಸ್. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ನೆಲಕ್ಕಂಟಿದಂತೆ, ಒಂದು ಗೇಣೂ ಏರದೆ ಬೆಳೆಯುತ್ತದೆ. ಹಿಮ ಬಿದ್ದರೂ ಎಲೆ ಹಸಿರಾಗೇ ಇರುತ್ತದೆ, ಅದಕ್ಕೇ ವಿಂಟರ್‌ಗ್ರೀನ್. ಎಲೆ ಕುದಿಸಿ ಚಹಾದಂತೆ ಕುಡಿಯುತ್ತಿದ್ದರು, ಹಾಗಾಗಿ ಟೀಬೆರಿ. ಬೆರಿ ಅಂದರೆ ಅದರ ಪುಟ್ಟ ಕೆಂಪು ಹಣ್ಣು.

ಎಲೆ ಹಿಸುಕಿ ಮೂಸಿದರೆ ಥೇಟ್ ನೋವಿನ ಮುಲಾಮಿನ ವಾಸನೆ! ಅದು ಎಲೆಯ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್‌ನ ಹತ್ತಿರದ ನೆಂಟ. ನಮ್ಮ ಪಕ್ಕದ ನೀಲಗಿರಿಯಲ್ಲೂ ಇದರ ಸೋದರ ಗಿಡವಿದೆ, ಗಾಲ್ತೇರಿಯಾ ಫ್ರಾಗ್ರಾಂಟಿಸಿಮಾ. ಅದರ ಎಲೆಯಿಂದಲೂ ಇದೇ ಎಣ್ಣೆ ಸಿಗುತ್ತದೆ.

ಒಂದು ಮಾತು, ಈ ಎಣ್ಣೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. 5 ಮಿ.ಲೀ. ಹೊಟ್ಟೆಗೆ ಹೋದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದಂತೆ. ಅಷ್ಟು ಸಾಕು, ಜೀವಕ್ಕೇ ಅಪಾಯ.