ಇಳಿಸಿದ ಟೊಯೊಟಾ 86 ಕಾರಿಗೆ 18×9.5 ಇಟಿ 38 ವೀಲ್ ಹಾಕಿದರೆ ಮಡ್‌ಗಾರ್ಡ್‌ಗೆ ತಾಗುತ್ತದಾ?

ತಾಗುತ್ತದೆ. ಇವತ್ತು ಅಲ್ಲದಿದ್ದರೆ ಹಿಂದಿನ ಸೀಟಿನಲ್ಲಿ ಜನ ಕೂತ ದಿನ ತಾಗುತ್ತದೆ.

ನೀವು ಬರೆದದ್ದು ಇಷ್ಟು. ಊರು ಕಾಸರಗೋಡಿನ ಪೆರ್ಲ, ಕೆಲಸ ಯುಎಇಯ ಅಜ್ಮಾನ್‌ನಲ್ಲಿ. ಸೆಕೆಂಡ್ ಹ್ಯಾಂಡ್ 2017ರ 86 ತೆಗೆದುಕೊಂಡಿದ್ದೀರಿ. ಕಾರನ್ನು 30 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿ ಆಗಿದೆ, ಉಳಿದದ್ದೆಲ್ಲ ಕಂಪನಿಯದ್ದೇ. ಯಾರದೋ ಫೋಟೋದಲ್ಲಿ ಕಂಡ 18×9.5 ಇಟಿ 38 ಮನಸ್ಸಿಗೆ ಹಿಡಿದಿದೆ. ರೂಮಿನ ಗೆಳೆಯ ಮಾತ್ರ 18×8.5 ಇಟಿ 45 ಸಾಕು ಅನ್ನುತ್ತಿದ್ದಾನೆ. ಗೆಳೆಯನ ಮಾತು ಕೇಳಿ. ಅವನಿಗೆ ಒಂದು ಚಹಾ ಕೊಡಿಸಿ.

ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂಬತ್ತು ವರ್ಷ ಟಯರ್ ಅಂಗಡಿಯಲ್ಲಿ ಇದ್ದವನು. ಈಗ ಉಪ್ಪಳದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಕೊಂಡಿದ್ದೇನೆ. ಇಲ್ಲಿ ಬರುವುದು ಜಾಸ್ತಿ ಸ್ವಿಫ್ಟು, ಪೋಲೋ. ಆದರೆ 86ರ ಜೊತೆ ನನಗೆ ಒಂದು ಹಳೇ ಲೆಕ್ಕ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

18×9.5 ಅಂದರೆ ವೀಲ್‌ನ ವ್ಯಾಸ 18 ಇಂಚು, ಅಗಲ 9.5 ಇಂಚು. ಇನ್ನು ಆ ಇಟಿ ಅಂದರೆ ಏನು ಅಂತ. ಜರ್ಮನ್ ಪದವೊಂದರ ಮೊದಲಕ್ಷರಗಳು ಅವು, ನಾವು ಆಫ್‌ಸೆಟ್ ಅನ್ನುತ್ತೇವೆ. ವೀಲ್‌ನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ವೀಲ್ ಹಬ್‌ಗೆ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗೆ ಇದೆಯೋ ಅದೇ ಇಟಿ. ಸಂಖ್ಯೆ ದೊಡ್ಡದಾದಷ್ಟೂ ವೀಲ್ ಒಳಗೆ ಹೋಗುತ್ತದೆ, ಚಿಕ್ಕದಾದಷ್ಟೂ ಹೊರಗೆ ಬರುತ್ತದೆ. ಹತ್ತರಲ್ಲಿ ಎಂಟು ಜನ ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ. ಅಂಗಡಿಯವರೂ ಸೇರಿ.

ಈಗ ಒಂದು ಪೆನ್ನು ತೆಗೆದುಕೊಳ್ಳಿ. ನಿಮ್ಮ ಕಾರಿನ ಕಂಪನಿ ವೀಲ್ 17×7 ಇಟಿ 48. ಏಳು ಇಂಚಿನ ಅರ್ಧ 88.9 ಮಿ.ಮೀ. ಅದರಲ್ಲಿ 48 ಕಳೆದರೆ 40.9. ಹಬ್‌ನಿಂದ ಹೊರಕ್ಕೆ ವೀಲ್ ಇರುವುದು ಅಷ್ಟು. ಅದೇ 88.9ಕ್ಕೆ 48 ಕೂಡಿಸಿದರೆ 136.9. ಒಳಕ್ಕೆ ಇರುವುದು ಅಷ್ಟು. ಇದೇ ಲೆಕ್ಕವನ್ನು ನೀವು ಮೆಚ್ಚಿದ 9.5 ಇಂಚಿಗೆ ಹಾಕಿದರೆ ಹೊರಗೆ 82.65, ಒಳಗೆ 158.65. ಅಂದರೆ ಈಗ ಇರುವುದಕ್ಕಿಂತ ಹೊರಕ್ಕೆ ಸುಮಾರು 42 ಮಿ.ಮೀ., ಒಳಕ್ಕೆ ಸುಮಾರು 22 ಮಿ.ಮೀ. ಜಾಸ್ತಿ. 42 ಮಿ.ಮೀ. ಅಂದರೆ ಎರಡು ಬೆರಳಿನ ಅಗಲ. ಗೆಳೆಯ ಹೇಳಿದ 8.5 ಇಟಿ 45 ಆದರೆ ಹೊರಗೆ 22, ಒಳಗೆ 16. ಅದು 86ರಲ್ಲಿ ಹಿಡಿಸುತ್ತದೆ, 30 ಮಿ.ಮೀ. ಇಳಿಸಿದರೂ ಹಿಡಿಸುತ್ತದೆ.

ಫೋಟೋದ ಕಾರಿಗೆ ಹಿಡಿಸಿತಲ್ಲ ಅಂತ ಕೇಳುತ್ತೀರಿ. ಆ ಕಾರಿನ ಹಿಂದಿನ ಚಕ್ರಗಳನ್ನು ಇನ್ನೊಮ್ಮೆ ನೋಡಿ. ಮೇಲ್ಭಾಗ ಒಳಕ್ಕೆ ವಾಲಿಕೊಂಡಿರುತ್ತದೆ, ಅಂದರೆ ನೆಗೆಟಿವ್ ಕ್ಯಾಂಬರ್ ಜಾಸ್ತಿ ಕೊಟ್ಟಿದ್ದಾರೆ. ಮಡ್‌ಗಾರ್ಡ್‌ನ ಒಳ ಅಂಚನ್ನು ಮಡಚಿ ಚಪ್ಪಟೆ ಮಾಡಿರುತ್ತಾರೆ. ಅದು ಸಾಲದು ಅಂತ ಸ್ಪ್ರಿಂಗ್ ಕಲ್ಲಿನ ಹಾಗೆ ಗಟ್ಟಿ. ನಿಮ್ಮಲ್ಲಿ ಇದು ಯಾವುದೂ ಇಲ್ಲ. ಕ್ಯಾಂಬರ್‌ನಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. ಈ ಅಳತೆಯ ಟಯರ್ ಒಂದು ಡಿಗ್ರಿ ವಾಲಿದರೆ ಅದರ ತುದಿ ಒಳಗೆ ಹೋಗುವುದು ಐದೂವರೆ ಮಿ.ಮೀ. ಮಾತ್ರ. 42ರ ಮುಂದೆ ಅದು ಎಲ್ಲಿಗೆ ಸಾಲುತ್ತದೆ?

ಇನ್ನು ನನ್ನ ಹಳೇ ಲೆಕ್ಕ. 2016ರಲ್ಲಿ ನಾನೂ ಕುಂಬಳೆಯ ಒಬ್ಬ ಗೆಳೆಯನೂ ಪಾಲಿನಲ್ಲಿ ಒಂದು ಬಿಳಿ 86 ತೆಗೆದಿದ್ದೆವು. ಇದೇ ಅಳತೆ, 18×9.5 ಇಟಿ 38, ನಾನೇ ಆರಿಸಿ ನಾನೇ ಹಾಕಿದ್ದು. ಅಂಗಡಿಯ ಎದುರು ನಿಲ್ಲಿಸಿದಾಗ ಏನು ಚಂದ! ಎರಡು ವಾರ ಇಬ್ಬರೇ ಓಡಾಡಿದೆವು, ಒಂದು ಸದ್ದಿಲ್ಲ. ಒಂದು ಶುಕ್ರವಾರ ನಾಲ್ಕು ಜನ ಫುಜೈರಾ ಕಡೆ ಹೊರಟೆವು. ಹಿಂದೆ ಇಬ್ಬರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಧೈದ್ ದಾಟಿದ ಮೇಲೆ ಪ್ರತಿ ಹಂಪ್‌ಗೂ ಹಿಂದಿನಿಂದ ಜರ್ರ್ ಅಂತ ಒಂದು ಸದ್ದು. ಪಾಟ್ನರ್ ಹೇಳಿದ, ಲಗೇಜ್ ಇರಬೇಕು ಮಾರಾಯ ಅಂತ. ನನಗೆ ಗೊತ್ತಿತ್ತು, ಆದರೂ ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ. ಮಸಾಫಿಯಲ್ಲಿ ಹಣ್ಣಿನ ಅಂಗಡಿಯ ಹತ್ತಿರ ನಿಲ್ಲಿಸಿ ಚಕ್ರದ ಗೂಡಿಗೆ ಕೈ ಹಾಕಿದೆ. ಮುಷ್ಟಿ ತುಂಬ ಬಿಸಿ ಬಿಸಿ ರಬ್ಬರಿನ ಪುಡಿ ಬಂತು. ಟಯರ್‌ನ ಹೊರ ಭುಜವನ್ನು ಮಡ್‌ಗಾರ್ಡ್‌ನ ಅಂಚು ಹೆರೆಮಣೆಯಲ್ಲಿ ಕಾಯಿ ಹೆರೆದ ಹಾಗೆ ಸುತ್ತಲೂ ಹೆರೆದಿತ್ತು. ಒಂದು ಕಡೆ ಒಳಗಿನ ನೂಲು ಕಾಣುತ್ತಿತ್ತು. ವಾಪಸು ಇಬ್ಬರು ಟ್ಯಾಕ್ಸಿಯಲ್ಲಿ ಬಂದರು. ನಾನು ಅರುವತ್ತರ ಮೇಲೆ ಹೋಗದೆ ತಂದೆ.

ನಮ್ಮದರಲ್ಲಿ ಮಡ್‌ಗಾರ್ಡ್‌ಗೆ ಹಿಂದಿನ ಬಂಪರ್ ಸೇರುವ ಜಾಗದಲ್ಲೂ ಗಾಯ ಆಗಿತ್ತು. ಅಲ್ಲಿ ಒಳಗಡೆ ಒಂದು ಸಣ್ಣ ಚಾಚು ಇದೆ. ಹೊರಗಿನಿಂದ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ನಿಮ್ಮ ಕಾರಿನಲ್ಲೂ ಬೆರಳು ಹಾಕಿ ನೋಡಿ.

ಹಾಗಾಗಿ ಇಂಟರ್ನೆಟ್ಟಿನ ಸಂಖ್ಯೆಗಿಂತ ಮೊದಲು ನಿಮ್ಮ ಕಾರನ್ನೇ ಅಳೆಯಿರಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಒಂದು ನೂಲಿಗೆ ನಟ್ಟು ಕಟ್ಟಿ, ಗಾರೆಯವರು ತೂಗುಗುಂಡು ಬಿಡುವ ಹಾಗೆ ಮಡ್‌ಗಾರ್ಡ್‌ನ ಅಂಚಿನಿಂದ ಕೆಳಗೆ ಬಿಡಿ. ನೂಲಿಗೂ ರಿಮ್‌ಗೂ ನಡುವೆ ಎಷ್ಟು ಮಿ.ಮೀ. ಇದೆ ಅಂತ ಸ್ಕೇಲಿನಲ್ಲಿ ನೋಡಿ. ನಾಲ್ಕೂ ಚಕ್ರಕ್ಕೆ ಮಾಡಿ, ಎಡ ಬಲ ಒಂದೇ ಇರುತ್ತದೆ ಅಂತ ನಂಬಬೇಡಿ. ಮೇಲೆ ಹೇಳಿದ 42, 22ನ್ನು ಆ ಅಳತೆಗೆ ಹೋಲಿಸಿ. ಹೊರಗಿನ ಲೆಕ್ಕ ಅಷ್ಟೇ. ಒಳಗಡೆಗೆ ನನ್ನ ಉಪಾಯ ಚಪಾತಿ ಹಿಟ್ಟು. ನಗಬೇಡಿ. ಅಂಗಡಿಯವರು ವೀಲ್ ಹಾಕಿ ನೋಡಲು ಬಿಟ್ಟರೆ ಮುಂದಿನ ಶಾಕ್ ಅಬ್ಸಾರ್ಬರ್‌ನ ಮೈಗೆ, ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ, ಒಂದೊಂದು ಉಂಡೆ ಅಂಟಿಸಿ. ವೀಲ್ ಹಾಕಿ, ನಟ್ಟು ಬಿಗಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಒತ್ತಿಹೋದ ಹಿಟ್ಟಿಗೆ ಬೆಂಕಿಕಡ್ಡಿ ಚುಚ್ಚಿದರೆ ಉಳಿದ ಜಾಗ ಎಷ್ಟು ಅಂತ ಗೊತ್ತಾಗುತ್ತದೆ. ಐದು ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಹಾಕುವುದಿಲ್ಲ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ತಾಗುತ್ತದಾ ಅಂತಲೂ ನೋಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. 86ರ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟೇರಿಂಗ್ ತಿರುಗಿಸಿದಾಗ ಶಾಕ್ ಅಬ್ಸಾರ್ಬರ್ ಚಕ್ರದ ಜೊತೆಗೇ ತಿರುಗುತ್ತದೆ, ಕಾರು ಇಳಿಸಿದರೂ ಅವೆರಡರ ನಡುವಿನ ಜಾಗ ಬದಲಾಗುವುದಿಲ್ಲ. ಆದರೆ ಕ್ಯಾಂಬರ್ ಬೋಲ್ಟು ಹಾಕಿದರೆ ಬದಲಾಗುತ್ತದೆ. ಆ ಬೋಲ್ಟು ಕೂರುವುದು ಶಾಕ್‌ನ ಬುಡದಲ್ಲಿ, ಹಾಗಾಗಿ ಚಕ್ರದ ತಲೆ ಶಾಕ್ ಕಡೆಗೇ ವಾಲುತ್ತದೆ. ಬಾನೆಟ್ ಕೆಳಗೆ ಹಾಕುವ ಕ್ಯಾಂಬರ್ ಪ್ಲೇಟ್ ಆದರೆ ಶಾಕ್, ಚಕ್ರ ಎರಡೂ ಒಟ್ಟಿಗೆ ವಾಲುತ್ತವೆ, ಜಾಗ ಹಾಗೇ ಉಳಿಯುತ್ತದೆ. ಹಿಟ್ಟಿನ ಪರೀಕ್ಷೆಯಲ್ಲಿ ಪಾಸ್ ಆದ ವೀಲ್ ಅಲೈನ್‌ಮೆಂಟ್ ಮುಗಿದ ಮೇಲೆ ಶಾಕ್‌ಗೆ ಉಜ್ಜಿದ್ದನ್ನು ನಾನು ಕಂಡಿದ್ದೇನೆ, ಕಾರಣ ಇದೇ. ಹಿಂದುಗಡೆ ಬೇರೆ ಕತೆ. ಅಲ್ಲಿ ಕಾರು ಇಳಿದಾಗ ಕ್ಯಾಂಬರ್ ತಾನಾಗಿ ನೆಗೆಟಿವ್ ಆಗುತ್ತದೆ, ತಿದ್ದಬೇಕಾದರೆ ಕಂಪನಿಯದ್ದಲ್ಲದ ಬೇರೆ ಆರ್ಮ್ ತಂದು ಹಾಕಬೇಕು. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅದನ್ನು ಮಾತ್ರ ಕಂಪನಿ ಸೆಟ್ಟಿಂಗ್‌ನಲ್ಲೇ ತಿದ್ದಬಹುದು, ಅದನ್ನು ಖಂಡಿತ ತಿದ್ದಿಸಿ. ಟಯರ್ ತಿನ್ನುವುದು ಕ್ಯಾಂಬರ್‌ಗಿಂತ ಟೋ ಜಾಸ್ತಿ.

ಟಯರ್ 225/40 ಆರ್ 18 ಹಾಕಿ, ಅಂದರೆ ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ 40 ಶೇಕಡ, ರಿಮ್ 18 ಇಂಚು. ಕಂಪನಿಯ 215/45 ಆರ್ 17ರ ಎತ್ತರ ಸುಮಾರು 625 ಮಿ.ಮೀ., ಇದರದ್ದು 637. ಮೀಟರ್‌ನಲ್ಲಿ ಎರಡು ಶೇಕಡ ವ್ಯತ್ಯಾಸ, ಪರವಾಗಿಲ್ಲ. 235/40 ಬೇಡ, ಅದು 645 ಆಗುತ್ತದೆ. ಇಳಿಸಿದ ಕಾರಿನಲ್ಲಿ ಅಷ್ಟು ಎತ್ತರಕ್ಕೆ ಜಾಗ ಎಲ್ಲಿದೆ? ನನ್ನನ್ನೇ ಕೇಳಿದರೆ 17×8 ಇಟಿ 45, 225/45 ಟಯರ್. ಹೊರಗೆ 16, ಒಳಗೆ 10 ಮಿ.ಮೀ. ಜಾಸ್ತಿ, ತಲೆನೋವೇ ಇಲ್ಲ. ವೀಲ್ ಹಗುರ, ಟಯರ್ ಅಗ್ಗ, ಹೊಂಡಕ್ಕೆ ಬಿದ್ದರೆ ರಿಮ್ ಉಳಿಯುತ್ತದೆ. ಆದರೆ ಫೋಟೋದಲ್ಲಿ ಚಂದ ಕಾಣುವುದಿಲ್ಲ ಅನ್ನುತ್ತೀರಿ, ಅಲ್ವಾ? ಹಾಗಾದರೆ ಗೆಳೆಯನ 18.

ನಿಮ್ಮ ಕಾರಿನ ಪಿಸಿಡಿ 5×100, ಅಂದರೆ 100 ಮಿ.ಮೀ. ವೃತ್ತದಲ್ಲಿ ಐದು ನಟ್ಟಿನ ತೂತು. ನಡುವಿನ ತೂತು 56.1 ಮಿ.ಮೀ. ಬೇರೆ ಕಂಪನಿಯ ವೀಲ್‌ಗಳ ನಡುವಿನ ತೂತು ದೊಡ್ಡದಿರುತ್ತದೆ, ಜಾಸ್ತಿಯಾಗಿ 73.1. ಆ ಸಂದಿ ತುಂಬುವ ಸರಿಯಾದ ರಿಂಗ್ ಕೇಳಿ ಹಾಕಿಸಿ, ಇಲ್ಲದಿದ್ದರೆ ನೂರರ ಮೇಲೆ ಸ್ಟೇರಿಂಗ್ ನಡುಗುತ್ತದೆ. ಪೋಲೋದ್ದೂ 5×100 ಅಂತ ಊರಿನಿಂದ ಅದರ ಅಲಾಯ್ ತರಿಸಬೇಡಿ. ಅದರ ತೂತು 57.1, ಮೇಲಾಗಿ ಅದು ನಟ್ಟಿನ ಕಾರೇ ಅಲ್ಲ, ಬೋಲ್ಟಿನ ಕಾರು. ರಿಮ್‌ನ ಹಿಂದೆ ಜೆಡಬ್ಲ್ಯುಎಲ್ ಗುರುತು, ಅಂದರೆ ಅಲಾಯ್ ವೀಲ್‌ಗೆ ಜಪಾನಿನ ಗುಣಮಟ್ಟದ ಗುರುತು, ಇದೆಯಾ ನೋಡಿ. ಗುರುತೂ ನಕಲಿ ಇರಬಹುದು, ಆದರೂ ಅದೇ ಇಲ್ಲದ್ದನ್ನು ಮುಟ್ಟಬೇಡಿ.

ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಕೇರಳದಲ್ಲಿ ಆರ್‌ಟಿಓದವರು ಇದನ್ನೆಲ್ಲ ಸುಮ್ನೆ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮಡ್‌ಗಾರ್ಡ್‌ನಿಂದ ಹೊರಗೆ ಇಣುಕುವ ಟಯರ್ ದೂರದಿಂದಲೇ ಕಾಣುತ್ತದೆ. ನಿಮಗೂ ಅಲ್ಲಿ ಮುಲ್ಕಿಯಾ (ಗಾಡಿಯ ನೋಂದಣಿ ಕಾರ್ಡ್) ರಿನ್ಯೂ ಮಾಡುವಾಗ ಪಾಸಿಂಗ್, ಅಂದರೆ ಗಾಡಿಯ ತಪಾಸಣೆ, ಇದೆಯಲ್ಲ. ಹಳೇ ವೀಲ್ ನಾಲ್ಕನ್ನೂ ಮಾರಬೇಡಿ.

ಕೊನೆಗೆ ನಟ್ಟು. ಕಾರಿನ ಹೆಸರು ಟೊಯೊಟಾ, ಆದರೆ ಕಟ್ಟಿದ್ದು ಸುಬಾರು. ಹಾಗಾಗಿ ಅದರ ಸ್ಟಡ್, ಅಂದರೆ ನಟ್ಟು ಕೂರುವ ಕಡ್ಡಿ, 12×1.25 ಮರೆಯದ್ದು (ಥ್ರೆಡ್). ಉಳಿದ ಟೊಯೊಟಾಗಳದ್ದು ಸಾಮಾನ್ಯವಾಗಿ 12×1.5. ಅಂಗಡಿಯ ಹುಡುಗ ಟೊಯೊಟಾ ಅಂತ ಓದಿ 1.5ರ ನಟ್ಟು ತೆಗೆದು ಗಾಳಿ ಪಾನಾ ಒತ್ತಿದರೆ ಮರೆ ಹೋಯಿತು, ಸ್ಟಡ್ಡೂ ಹೋಯಿತು. ಪ್ರತಿ ನಟ್ಟನ್ನೂ ನೀವೇ ಕೈಬೆರಳಿನಲ್ಲಿ ಪೂರ್ತಿ ತಿರುಗಿಸಿ. ಎರಡು ಸುತ್ತಿನಲ್ಲೇ ಹಿಡಿದುಕೊಂಡರೆ ಅದು ಬೇರೆ ನಟ್ಟು. ಆಮೇಲೆ ಟಾರ್ಕ್ ಪಾನಾದಲ್ಲಿ 120 ನ್ಯೂಟನ್ ಮೀಟರ್. ನೂರು ಕಿಲೋಮೀಟರ್ ಓಡಿಸಿ, ಚಕ್ರ ತಣ್ಣಗಾದ ಮೇಲೆ ಇನ್ನೊಮ್ಮೆ.