ಮರ್ಟಲ್ ಬೀಚ್ ಟೈಮ್‌ಶೇರ್: ಡೆವಲಪರ್ ಹತ್ತಿರ ಕೊಳ್ಳುವುದೋ, ರೀಸೇಲ್‌ನಲ್ಲೋ?

ನೀವು ಕೇಳಿದ್ದನ್ನು ಮೊದಲು ಎರಡು ಮಾತಲ್ಲಿ ಹೇಳಿಬಿಡುತ್ತೇನೆ, ಬೇರೆಯವರಿಗೂ ಗೊತ್ತಾಗಲಿ. ನೀವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ಇದ್ದೀರಿ. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಕ್ಯೂನಲ್ಲಿದೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ. ಮರ್ಟಲ್ ಬೀಚ್‌ನಲ್ಲಿ ಒಂದು ಟೈಮ್‌ಶೇರ್ ಪ್ರೆಸೆಂಟೇಶನ್‌ಗೆ, ಅಂದರೆ ರೆಸಾರ್ಟಿನ ಮನೆಯಲ್ಲಿ ವರ್ಷಕ್ಕೊಂದು ವಾರ ಇರುವ ಹಕ್ಕನ್ನು ಕಟ್ಟಿಸಿದ ಕಂಪನಿಯೇ (ಡೆವಲಪರ್) ಮಾರುವ ಸಭೆಗೆ ಹೋಗಿದ್ದಿರಿ. ಎರಡು ಬೆಡ್‌ರೂಮು, ವರ್ಷಕ್ಕೆ ಒಂದು ವಾರ, ಬೆಲೆ 28,000 ಡಾಲರ್, ಮೇಂಟೆನೆನ್ಸ್ ಫೀ ವರ್ಷಕ್ಕೆ 1,350. ಮನೆಗೆ ಬಂದು ಹುಡುಕಿದರೆ ಅದೇ ಕಟ್ಟಡದ ವಾರ ರೀಸೇಲ್‌ನಲ್ಲಿ, ಅಂದರೆ ಈಗಿನ ಮಾಲೀಕರು ಮಾರುವಾಗ, 3,000 ಡಾಲರ್‌ಗೆ ಕಾಣುತ್ತಿದೆ. ಸೇಲ್ಸ್‌ನವರು "ರೀಸೇಲ್‌ನಲ್ಲಿ ಸೌಲಭ್ಯಗಳು ಸಿಗುವುದಿಲ್ಲ" ಅಂದಿದ್ದಾರೆ. ಯಾವುದನ್ನು ನಂಬಬೇಕು ಅನ್ನುವುದು ಪ್ರಶ್ನೆ.

ಉತ್ತರಕ್ಕಿಂತ ಮೊದಲು ಒಂದು ಮಾತು. ಅವತ್ತೇ ಏನಾದರೂ ಸಹಿ ಹಾಕಿ ಬಂದಿದ್ದೀರಾ? ಪ್ರಶ್ನೆಯಲ್ಲಿ ಅದು ಸ್ಪಷ್ಟವಾಗಿಲ್ಲ. ಹಾಕಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ಕರಾರಿನ ಕಾಗದ ತೆಗೆಯಿರಿ. ಮರ್ಟಲ್ ಬೀಚ್ ಇರುವ ಸೌತ್ ಕ್ಯಾರೊಲೈನಾದ ಕಾನೂನಿನಲ್ಲಿ ಸಹಿ ಹಾಕಿದ 5 ದಿನಗಳೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಕೊಟ್ಟ ಹಣ ವಾಪಸ್ ಬರುತ್ತದೆ. ರದ್ದು ಮಾಡುವ ವಿಧಾನ ಮತ್ತು ವಿಳಾಸ ಕರಾರಿನಲ್ಲೇ ಇರುತ್ತದೆ. ಫೋನ್ ಮಾಡಿ ಹೇಳಿದರೆ ಸಾಲದು. ಎರಡು ಸಾಲಿನ ಪತ್ರ ಬರೆದು, ಸಹಿ ಮಾಡಿ, ಪೋಸ್ಟ್ ಆಫೀಸಿನಿಂದ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಫ್ಲಾರಿಡಾದಲ್ಲಿ ಕೊಂಡಿದ್ದರೆ 10 ದಿನ, ಹವಾಯಿಯಲ್ಲಿ 7 ದಿನ ಇರುತ್ತಿತ್ತು. ನಿಮಗೆ ಇರುವುದು 5. ಆಮೇಲೆ ನಿಧಾನವಾಗಿ ಯೋಚಿಸಿ, ಬೇಕೆನಿಸಿದರೆ ಮತ್ತೆ ಕೊಳ್ಳಬಹುದು. "ಇವತ್ತಿಗೆ ಮಾತ್ರ ಈ ಬೆಲೆ" ಎಂದವರು ನಾಳೆ ಹೋದರೂ ಮಾರುತ್ತಾರೆ.

ಈಗ ಉತ್ತರ. ನಿಮ್ಮ ಪರಿಸ್ಥಿತಿಯಲ್ಲಿ ಡೆವಲಪರ್ ಹತ್ತಿರ ಕೊಳ್ಳಬೇಡಿ. ಈ ವರ್ಷ ರೀಸೇಲ್‌ನಲ್ಲೂ ಕೊಳ್ಳಬೇಡಿ, ಬಾಡಿಗೆಗೆ ಹೋಗಿ ಬನ್ನಿ. ಅದಾದ ಮೇಲೂ ಆಸೆ ಇದ್ದರೆ ರೀಸೇಲ್ ತಗೊಳ್ಳಿ. ನಾವೂ ಹಾಗೇ ಮಾಡಿದ್ದು. ಅದೇ ರಾಜ್ಯದ ಹಿಲ್ಟನ್ ಹೆಡ್ ದ್ವೀಪದಲ್ಲಿ ನಮ್ಮದು ರೀಸೇಲ್ ವಾರ. ಅಡುಗೆಮನೆ, ಬಟ್ಟೆ ಒಗೆಯುವ ಮಷೀನು, ಅತ್ತೆ ಮಾವನಿಗೆ ಬೇರೆ ರೂಮು, ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ, ಮಧ್ಯಾಹ್ನಕ್ಕೆ ಬಿಸಿ ಅನ್ನ ಸಾರು. ಹೋಟೆಲ್ ರೂಮಿನಲ್ಲಿ ಇದು ಆಗುವುದಿಲ್ಲ. ಟೈಮ್‌ಶೇರ್ ಅಂದರೆ ಮೋಸ ಎಂದು ಸುಮ್ನೆ ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಕೊಡುವ ಬೆಲೆ ಸರಿಯಿರಬೇಕು, ಅಷ್ಟೇ.

28,000 ಮತ್ತು 3,000ದ ನಡುವೆ ಇಷ್ಟೊಂದು ವ್ಯತ್ಯಾಸ ಯಾಕೆ ಎಂದು ನಿಮಗೆ ಅನುಮಾನ ಬಂದಿರುವುದು ಸಹಜ. ರೀಸೇಲ್ ವಾರದಲ್ಲಿ ಏನೋ ಕೊರತೆ ಇರಬೇಕು ಅನಿಸುತ್ತದೆ, ಅಲ್ವಾ? ಮನೆಯಲ್ಲಿ ಕೊರತೆ ಇಲ್ಲ. ಅದೇ ಲಿಫ್ಟು, ಅದೇ ಹಾಸಿಗೆ, ಅದೇ ಸಮುದ್ರ. ಡೆವಲಪರ್ ಬೆಲೆಯಲ್ಲಿ ದೊಡ್ಡ ಪಾಲು ಮಾರಾಟದ ಖರ್ಚು. ನಿಮಗೆ ಕೊಟ್ಟ ಗಿಫ್ಟ್ ಕಾರ್ಡು, ಅಗ್ಗದ ಎರಡು ರಾತ್ರಿ ಹೋಟೆಲು, ಪ್ರೆಸೆಂಟೇಶನ್‌ಗೆ ಬಂದು ಕೊಳ್ಳದೆ ಹೋದವರಿಗೆ ಕೊಟ್ಟದ್ದು, ಸೇಲ್ಸ್‌ನವರ ಕಮಿಷನ್, ಎಲ್ಲವೂ ಅದರಲ್ಲಿದೆ. ಒಡವೆ ಮಾರಲು ಹೋದಾಗ ಮಜೂರಿ, ವೇಸ್ಟೇಜ್ ವಾಪಸ್ ಬರುವುದಿಲ್ಲವಲ್ಲ, ಹಾಗೆ ಇದೂ. ಆದರೆ ಒಡವೆಯಲ್ಲಿ ಚಿನ್ನವಾದರೂ ಉಳಿಯುತ್ತದೆ. ಇಲ್ಲಿ ವರ್ಷವರ್ಷದ ಫೀ ಬೇರೆ ತಲೆಯ ಮೇಲಿರುತ್ತದೆ. ಫೀ ಕಟ್ಟಲಾಗದವರು, ವಯಸ್ಸಾದವರು ಹೇಗಾದರೂ ಕೈಬಿಟ್ಟರೆ ಸಾಕು ಎನ್ನುತ್ತಾರೆ. ಅದಕ್ಕೇ ಈಬೇಯಲ್ಲಿ 1 ಡಾಲರ್‌ಗೆ ಹರಾಜಾಗುವ ವಾರಗಳೂ ಇವೆ.

ಲೆಕ್ಕ ಹಾಕಿ ನೋಡೋಣ. ಡೆವಲಪರ್ ಸಾಲದ ಬಡ್ಡಿ ಸಾಮಾನ್ಯವಾಗಿ ಎರಡಂಕಿಯಲ್ಲೇ ಇರುತ್ತದೆ. 10% ಮುಂಗಡ ಕೊಟ್ಟು ಉಳಿದ 25,200ಕ್ಕೆ 15% ಬಡ್ಡಿಯಲ್ಲಿ 10 ವರ್ಷದ ಸಾಲ ಎಂದುಕೊಳ್ಳಿ. ಕಂತು ತಿಂಗಳಿಗೆ ಸುಮಾರು 407 ಡಾಲರ್. ಮುಂಗಡ ಸೇರಿ 10 ವರ್ಷಕ್ಕೆ ಸುಮಾರು 51,600 ಡಾಲರ್ ಆಗುತ್ತದೆ. ಫೀ ವರ್ಷಕ್ಕೆ 5% ಏರಿದರೆ 10 ವರ್ಷದಲ್ಲಿ ಅದೇ ಸುಮಾರು 17,000. ಒಂದು ವಾರದ ರಜೆಗೆ 6,800 ಡಾಲರ್‌ಗಿಂತ ಜಾಸ್ತಿ ಬಿತ್ತು. ರೀಸೇಲ್‌ನಲ್ಲಿ 3,000, ವರ್ಗಾವಣೆ ಖರ್ಚು ಒಂದು 700 ಎಂದು ಹಿಡಿದು, ಅದೇ 17,000 ಫೀ ಸೇರಿಸಿ. ವಾರಕ್ಕೆ ಸುಮಾರು 2,070. ಜುಲೈನಲ್ಲಿ ಸಮುದ್ರದ ಎದುರಿನ ಎರಡು ಬೆಡ್‌ರೂಮಿಗೆ ಬಾಡಿಗೆ ಎಷ್ಟೆಂದು ನೀವೇ ಹುಡುಕಿ, ಈ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿ.

ಸೌಲಭ್ಯ ಸಿಗುವುದಿಲ್ಲ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದನ್ನು ಕಂಪನಿ ಕಂಪನಿಗೆ ಬೇರೆಯಾಗಿ ನೋಡಬೇಕು. ಮ್ಯಾರಿಯಟ್ 2010ರ ಜೂನ್‌ನಲ್ಲಿ ಪಾಯಿಂಟ್ಸ್ ವ್ಯವಸ್ಥೆ ತಂದಿತು, ಅಂದರೆ ನಿಗದಿತ ವಾರದ ಬದಲು ಪಾಯಿಂಟ್ಸ್ ಕೊಟ್ಟು ಬೇರೆ ಬೇರೆ ರೆಸಾರ್ಟ್ ಬುಕ್ ಮಾಡುವುದು. ಅದಾದ ಮೇಲೆ ರೀಸೇಲ್‌ನಲ್ಲಿ ಕೊಂಡ ವಾರಗಳನ್ನು ಸಾಮಾನ್ಯವಾಗಿ ಆ ಪಾಯಿಂಟ್ಸ್‌ಗೆ ಸೇರಿಸಿಕೊಳ್ಳುವುದಿಲ್ಲ. ಮರ್ಟಲ್ ಬೀಚ್‌ನಲ್ಲಿರುವ ಮ್ಯಾರಿಯಟ್‌ನ ಓಷನ್‌ವಾಚ್ ರೆಸಾರ್ಟಿನಲ್ಲಿ ರೀಸೇಲ್ ವಾರ ಕೊಂಡರೆ ಆ ವಾರ ನಿಮ್ಮದೇ. ಬೇರೆ ಊರಿಗೆ ಹೋಗಬೇಕೆಂದರೆ ವಾರಗಳ ವಿನಿಮಯ ನಡೆಸುವ ಇಂಟರ್‌ವಲ್ ಇಂಟರ್‌ನ್ಯಾಷನಲ್ ಕಂಪನಿಯಲ್ಲಿ ಸ್ವಂತ ಖಾತೆ ತೆರೆದು ಅದಲು ಬದಲು ಮಾಡಿಕೊಳ್ಳಬಹುದು. ವಿಂಡಮ್‌ನಲ್ಲಿ ರೀಸೇಲ್ ಪಾಯಿಂಟ್ಸ್ ವಿಐಪಿ ಎಂಬ ಮೇಲ್ದರ್ಜೆಯ ಸದಸ್ಯತ್ವದ ಲೆಕ್ಕಕ್ಕೆ ಬರುವುದಿಲ್ಲ. ಹಿಲ್ಟನ್‌ನಲ್ಲಿ ಎಲೀಟ್ ದರ್ಜೆಗೂ, 2022ರಲ್ಲಿ ಬಂದ ಮ್ಯಾಕ್ಸ್ ಎಂಬ ಸದಸ್ಯತ್ವಕ್ಕೂ ರೀಸೇಲ್ ಸೇರುವುದಿಲ್ಲ. ಇವೆಲ್ಲ ನಿಜ. ಆದರೆ ನಿಮಗೆ ಬೇಕಿರುವುದು ಕ್ಯಾರಿಯಿಂದ ಕಾರಿನಲ್ಲಿ ಮೂರು, ಮೂರೂವರೆ ಗಂಟೆ ದೂರದ ಬೀಚು, ವರ್ಷಕ್ಕೆ ಒಂದು ಸಲ, ಅಪ್ಪ ಅಮ್ಮನ ಜೊತೆ. ಅದಕ್ಕೆ ವಿಐಪಿ ದರ್ಜೆ ಯಾಕೆ? ಆ 25,000 ಡಾಲರ್ ವ್ಯತ್ಯಾಸದಲ್ಲಿ ಎಷ್ಟೋ ಬೇರೆ ರಜೆಗಳನ್ನು ದುಡ್ಡು ಕೊಟ್ಟೇ ಮಾಡಬಹುದು.

ಡೆವಲಪರ್ ಹತ್ತಿರ ಕೊಳ್ಳುವ ವಿಚಾರವನ್ನು ನಾನು ಗಂಭೀರವಾಗಿ ತೂಗುವುದು ಡಿಸ್ನಿಯ ವಿಷಯದಲ್ಲಿ ಮಾತ್ರ. ಅವರ ಪಾಯಿಂಟ್ಸ್‌ಗೆ ರೀಸೇಲ್‌ನಲ್ಲೂ ಬೆಲೆ ಚೆನ್ನಾಗಿ ನಿಲ್ಲುತ್ತದೆ, ಹಾಗಾಗಿ ವ್ಯತ್ಯಾಸ ಇಷ್ಟು ದೊಡ್ಡದಲ್ಲ. 2019ರ ಜನವರಿ 19ರ ನಂತರ ರೀಸೇಲ್ ಕೊಂಡವರು ಹಳೆಯ 14 ರೆಸಾರ್ಟ್‌ಗಳ ಪಾಯಿಂಟ್ಸ್‌ನಿಂದ ರಿವಿಯೇರಾದಂಥ ಹೊಸ ರೆಸಾರ್ಟ್‌ಗೆ ಹೋಗುವಂತಿಲ್ಲ. ಅದು ಕೆಲವರಿಗೆ ಮುಖ್ಯವಾಗಬಹುದು. ಹಿಲ್ಟನ್ ಹೆಡ್‌ನಲ್ಲಿ ಡಿಸ್ನಿಗೆ ಬೀಚ್ ರೆಸಾರ್ಟ್ ಇದೆ, ಅದರ ಕರಾರು 2042ರಲ್ಲಿ ತಾನಾಗಿ ಮುಗಿಯುತ್ತದೆ. ಮುಗಿಯುವ ದಿನಾಂಕ ಇರುವುದು ನನ್ನ ಪ್ರಕಾರ ಒಳ್ಳೆಯ ಗುಣ.

ಯಾಕೆಂದರೆ ನಿಮ್ಮ ವಿಷಯದಲ್ಲಿ ಕೊಳ್ಳುವ ಬೆಲೆಗಿಂತ ದೊಡ್ಡ ಪ್ರಶ್ನೆ ಬಿಡುವುದು ಹೇಗೆ ಅನ್ನುವುದು. ಮರ್ಟಲ್ ಬೀಚ್‌ನ ಹಳೆಯ ವಾರಗಳಲ್ಲಿ ಹೆಚ್ಚಿನವು ಡೀಡ್ (ಕ್ರಯಪತ್ರ) ಇರುವಂಥವು. ಮನೆಯ ಹಾಗೆ ನೋಂದಣಿಯಾಗುತ್ತವೆ, ಕೊನೆಯ ದಿನಾಂಕ ಇರುವುದಿಲ್ಲ. ಹೋದರೂ ಹೋಗದಿದ್ದರೂ ಜನವರಿಗೆ ಬಿಲ್ಲು ಬರುತ್ತದೆ. ನಾಳೆ ಕೆಲಸ ಹೋಗಿ, ಎಚ್-1ಬಿಯವರಿಗೆ ಇರುವ 60 ದಿನದೊಳಗೆ ಬೇರೆ ಕೆಲಸ ಸಿಗದೆ, ಬೆಂಗಳೂರಿಗೆ ಹೊರಡಬೇಕಾಯಿತು ಎಂದುಕೊಳ್ಳಿ. ಕಾರು ಒಂದು ವಾರದಲ್ಲಿ ಮಾರಬಹುದು. ಮನೆಯನ್ನೂ ಮಾರಬಹುದು. ಸಾಲವಿರುವ ಟೈಮ್‌ಶೇರನ್ನು ಮಾರಲಾಗುವುದಿಲ್ಲ, 28,000ಕ್ಕೆ ಕೊಂಡದ್ದಕ್ಕೆ 3,000 ಬಂದರೆ ಸಾಲವೇ ತೀರುವುದಿಲ್ಲ. ಕೆಲವು ಕಂಪನಿಗಳು ವಾರವನ್ನು ವಾಪಸ್ ತೆಗೆದುಕೊಳ್ಳುತ್ತವೆ, ಆದರೆ ಸಾಲ ಪೂರ್ತಿ ತೀರಿರಬೇಕು, ಫೀ ಬಾಕಿ ಇರಬಾರದು. ಗ್ರೀನ್ ಕಾರ್ಡ್ ಕ್ಯೂನಲ್ಲಿರುವ ನಮ್ಮವರು ಟೈಮ್‌ಶೇರನ್ನು ಸಾಲ ಮಾಡಿ ಕೊಳ್ಳಲೇಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕೈಯಲ್ಲಿರುವ ದುಡ್ಡಿನಲ್ಲಿ ರೀಸೇಲ್ ಕೊಂಡವರಿಗೆ ಹೊರಡುವಾಗ ನಷ್ಟವಾದರೂ ಅದು ಚಿಕ್ಕದು.

ಫೀ ಬಗ್ಗೆ ಇನ್ನೊಂದು ಮಾತು. ಸಮುದ್ರದ ದಡದ ಕಟ್ಟಡಕ್ಕೆ ಉಪ್ಪುಗಾಳಿ, ಗಾಳಿಮಳೆ, ವಿಮೆ ಎಲ್ಲವೂ ಜಾಸ್ತಿ. 2022ರಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾವನ್ನು ಹಾಳುಮಾಡಿ, ಮತ್ತೆ ಸಮುದ್ರಕ್ಕಿಳಿದು, ಸೆಪ್ಟೆಂಬರ್ 30ರಂದು ಮರ್ಟಲ್ ಬೀಚ್‌ನ ದಕ್ಷಿಣಕ್ಕಿರುವ ಜಾರ್ಜ್‌ಟೌನ್ ಹತ್ತಿರ ದಡ ಮುಟ್ಟಿತು. ಹತ್ತಿರದ ಚೆರಿ ಗ್ರೋವ್‌ನಲ್ಲಿ ಸಮುದ್ರದೊಳಗೆ ಚಾಚಿದ ಕಟ್ಟೆಯ (ಪಿಯರ್) ಒಂದು ಭಾಗ ಕೊಚ್ಚಿಹೋಯಿತು. ಇಂಥ ಹಾನಿಯಲ್ಲಿ ವಿಮೆ ಕೊಡದ ಮೊತ್ತವನ್ನು ಸ್ಪೆಷಲ್ ಅಸೆಸ್‌ಮೆಂಟ್ ಎಂದು ಮಾಲೀಕರಿಗೆಲ್ಲ ಹಂಚುತ್ತಾರೆ. ಡೆವಲಪರ್ ಹತ್ತಿರ ಕೊಂಡವರಿಗೂ ರೀಸೇಲ್‌ನವರಿಗೂ ಒಂದೇ. ಕೊಳ್ಳುವ ಮೊದಲು ಕಳೆದ ಐದು ವರ್ಷದ ಫೀ ಎಷ್ಟಿತ್ತು, ಅಸೆಸ್‌ಮೆಂಟ್ ಬಂದಿತ್ತೇ, ರಿಪೇರಿಗೆ ಇಟ್ಟ ನಿಧಿ ಎಷ್ಟಿದೆ ಎಂದು ಮಾರುವವರನ್ನೇ ಕೇಳಿ. ಮಾಲೀಕರಿಗೆ ಪ್ರತಿವರ್ಷ ಬಜೆಟ್ ಕಾಗದ ಬರುತ್ತದೆ, ಅದನ್ನು ತೋರಿಸಲು ಹೇಳಿ.

ರೀಸೇಲ್‌ನಲ್ಲಿ ಎಡವುವುದು ಸಾಮಾನ್ಯವಾಗಿ ವಾರದ ಆಯ್ಕೆಯಲ್ಲಿ. ನೀವು ನೋಡಿದ 3,000ದ ಜಾಹೀರಾತು ಯಾವ ವಾರದ್ದು? ಜುಲೈನದೋ, ಜನವರಿಯದೋ? ಮರ್ಟಲ್ ಬೀಚ್‌ನಲ್ಲಿ ಜನವರಿಯಲ್ಲಿ ಹಗಲಲ್ಲೂ ಸ್ವೆಟರ್ ಬೇಕು, ನೀರಿಗೆ ಇಳಿಯುವ ಹಾಗಿಲ್ಲ. ಆದರೆ ಬಹಳ ರೆಸಾರ್ಟ್‌ಗಳಲ್ಲಿ ಜನವರಿ ವಾರಕ್ಕೂ ಜುಲೈ ವಾರಕ್ಕೂ ಮೇಂಟೆನೆನ್ಸ್ ಫೀ ಒಂದೇ. ಪುಕ್ಕಟೆ ಸಿಗುವ ಚಳಿಗಾಲದ ವಾರ ದುಬಾರಿ ಬೀಳುವುದು ಹೀಗೆ. ಡೀಡಿನಲ್ಲಿ ವಾರದ ಸಂಖ್ಯೆ ಇರುತ್ತದೆ. ಶಾಲೆಯ ಬೇಸಿಗೆ ರಜೆಗೆ ಹೊಂದುವುದು ಹೆಚ್ಚುಕಡಿಮೆ 24ರಿಂದ 32ರವರೆಗಿನ ವಾರಗಳು. ಫ್ಲೋಟಿಂಗ್, ಅಂದರೆ ವಾರ ನಿಗದಿಯಾಗಿರದೆ ಸೀಸನ್ ಒಳಗೆ ಆರಿಸಿಕೊಳ್ಳುವಂಥದ್ದಾದರೆ, ಯಾವ ಸೀಸನ್ ಒಳಗೆ, ಎಷ್ಟು ತಿಂಗಳು ಮೊದಲು ಬುಕ್ ಮಾಡಬೇಕು ಎಂದು ಕೇಳಿ. ಪ್ರತಿವರ್ಷವೋ, ಎರಡು ವರ್ಷಕ್ಕೊಮ್ಮೆಯೋ ಅದನ್ನೂ ನೋಡಿ. ಹಾಗೇ, ನಿಮ್ಮ ಮಕ್ಕಳು ವೇಕ್ ಕೌಂಟಿಯ ಇಯರ್-ರೌಂಡ್ ಶಾಲೆಯಲ್ಲಿದ್ದರೆ ನಿಮಗೆ ಒಂದು ಅನುಕೂಲ ಇದೆ. ಟ್ರ್ಯಾಕ್ ಔಟ್ (ಆ ಶಾಲೆಗಳು ವರ್ಷದ ಮಧ್ಯೆ ಕೊಡುವ ರಜೆ) ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್ ಮೊದಲಲ್ಲೋ ಬಿದ್ದರೆ, ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆ, ವಾರವೂ ಅಗ್ಗ.

ಅದಕ್ಕೇ ಈ ವರ್ಷ ಬಾಡಿಗೆಗೆ ಹೋಗಿ ಎಂದದ್ದು. ರೆಡ್‌ವೀಕ್‌ನಂಥ ವೆಬ್‌ಸೈಟಿನಲ್ಲಿ ಮಾಲೀಕರೇ ತಮ್ಮ ವಾರವನ್ನು ಬಾಡಿಗೆಗೆ ಕೊಡುತ್ತಾರೆ, ಹಲವು ಸಲ ಫೀ ಹುಟ್ಟಿದರೆ ಸಾಕು ಎಂಬ ದರಕ್ಕೆ. ನಿಮಗೆ ಇಷ್ಟವಾದ ಅದೇ ಕಟ್ಟಡದಲ್ಲಿ ಒಂದು ವಾರ ಇದ್ದು ನೋಡಿ. ನಿಮ್ಮ ತಂದೆಗೆ ಮರಳಲ್ಲಿ ನಡೆಯಲು ಆಗುತ್ತದೆಯೇ, ಪಾರ್ಕಿಂಗ್ ಎಷ್ಟು ದೂರ, ಒಲೆಯ ಮೇಲೆ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕೂಗುತ್ತದೆಯೇ, ಇವೆಲ್ಲ ಪ್ರೆಸೆಂಟೇಶನ್‌ನಲ್ಲಿ ಗೊತ್ತಾಗುವುದಿಲ್ಲ.

ಕೊನೆಗೆ ಕೊಳ್ಳುವುದೇ ಎಂದಾದರೆ ದಾರಿ ಹೀಗಿದೆ. 1993ರಿಂದ ನಡೆಯುತ್ತಿರುವ ಟೈಮ್‌ಶೇರ್ ಯೂಸರ್ಸ್ ಗ್ರೂಪ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ನಿಮ್ಮ ರೆಸಾರ್ಟಿನ ಮಾಲೀಕರು ಬರೆದದ್ದನ್ನು ಓದಿ. ಮಾರುವವರ ಜೊತೆ ಬೆಲೆ ಒಪ್ಪಿದ ಮೇಲೆ ದುಡ್ಡನ್ನು ಅವರ ಕೈಗೆ ಕೊಡಬೇಡಿ. ವಕೀಲರ ಅಥವಾ ಕ್ಲೋಸಿಂಗ್ ಕಂಪನಿಯ ಎಸ್ಕ್ರೋ ಖಾತೆಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಅವರು ಹಿಡಿದಿಟ್ಟುಕೊಳ್ಳುವ ಖಾತೆಗೆ ಹಾಕಿ. ಅವರು ರೆಸಾರ್ಟಿನಿಂದ ಎಸ್ಟಾಪೆಲ್ ಪತ್ರ ತರಿಸುತ್ತಾರೆ. ಮಾಲೀಕರು ನಿಜವಾಗಿ ಯಾರು, ಫೀ ಬಾಕಿ ಎಷ್ಟು, ಸಾಲ ಇದೆಯೇ, ಮುಂದಿನ ವರ್ಷದ ವಾರವನ್ನು ಈಗಾಗಲೇ ಬಳಸಿದ್ದಾರೆಯೇ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅದು ಬರುವವರೆಗೆ ಸಹಿ ಬೇಡ. ಕೆಲವು ರೆಸಾರ್ಟ್‌ಗಳಲ್ಲಿ ಕಂಪನಿಗೆ ಮೊದಲ ಕೊಳ್ಳುವ ಹಕ್ಕು ಇರುತ್ತದೆ. ನೀವು ಒಪ್ಪಿದ ಬೆಲೆಗೆ ಅವರೇ ಕೊಂಡರೆ ನಿಮ್ಮ ಮುಂಗಡ ವಾಪಸ್ ಬರುತ್ತದೆ, ಬೇರೆ ವಾರ ಹುಡುಕಿ. ಎಲ್ಲ ಸರಿಯಾದರೆ ಡೀಡು ಮರ್ಟಲ್ ಬೀಚ್ ಇರುವ ಓರಿ ಕೌಂಟಿಯ ದಾಖಲೆಯಲ್ಲಿ ಸೇರುತ್ತದೆ. ಆಮೇಲೆ ರೆಸಾರ್ಟು ತನ್ನ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದುಕೊಳ್ಳಲು ಇನ್ನೂ ಕೆಲವು ವಾರ ಹಿಡಿಯಬಹುದು. ಆದ್ದರಿಂದ ಮುಂದಿನ ಬೇಸಿಗೆಗೆ ಬೇಕಿದ್ದರೆ ಹಿಂದಿನ ಶರತ್ಕಾಲದಲ್ಲೇ ಶುರುಮಾಡಿ.

ಡೀಡು ಸಾರ್ವಜನಿಕ ದಾಖಲೆ. ಹಾಗಾಗಿ ಹೆಸರು ಸೇರಿದ ಮೇಲೆ "ನಿಮ್ಮ ವಾರಕ್ಕೆ ಒಳ್ಳೆಯ ಗಿರಾಕಿ ಇದ್ದಾರೆ, ತೆರಿಗೆಗೆ ಸ್ವಲ್ಪ ದುಡ್ಡು ಮೊದಲೇ ಕಳಿಸಿ" ಎಂಬ ಫೋನುಗಳು ಬರುತ್ತವೆ. ಮೆಕ್ಸಿಕೋದ ಪೋರ್ಟೊ ವಯಾರ್ಟಾದಲ್ಲಿ ಡ್ರಗ್ ಗ್ಯಾಂಗ್ ಇದನ್ನೇ ದಂಧೆ ಮಾಡಿಕೊಂಡಿತ್ತು, ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ಅದರ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಮಾರುವಾಗಲೂ ಬಿಡಿಸಿಕೊಳ್ಳುವಾಗಲೂ ಮುಂಗಡ ದುಡ್ಡು ಕೇಳುವ ಯಾರ ಮಾತನ್ನೂ ಕೇಳಬೇಡಿ. ನಿಮ್ಮ ಅಪ್ಪ ಅಮ್ಮ ಇದ್ದಾಗ ಮನೆಯ ಫೋನ್ ಅವರೇ ಎತ್ತುವುದಾದರೆ ಅವರಿಗೂ ಹೇಳಿಡಿ.

ಆ ಜಾಹೀರಾತಿನಲ್ಲಿರುವ ವಾರದ ಸಂಖ್ಯೆ, ಸೀಸನ್ ಮತ್ತು ಈ ವರ್ಷದ ಫೀ ಇಲ್ಲಿ ಹಾಕಿದರೆ ಬೆಲೆ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ. ಸಹಿ ಹಾಕಿದ್ದರೆ ಮಾತ್ರ ಅದಕ್ಕೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಪೋಸ್ಟ್ ಆಫೀಸಿಗೆ ಹೋಗಿ.