ಅಟ್ಟದ ಮೇಲಿನ ಡಿಸ್ಕೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ವಿಚಾರ ಬರೆಯುವಾಗ, ‘ಅಂಡರ್‌ಗ್ರೌಂಡ್’ ಡಿಸ್ಕೊ ಸಂಗೀತದ ಅಪರೂಪದ ತಟ್ಟೆಗಳನ್ನು ಜನ ಈಗ ಮತ್ತೆ ಹುಡುಕತೊಡಗಿದ್ದಾರೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಅವುಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಿಸ್ಕೊ ಎಂದರೆ ಅಪ್ಪನ ಕಾಲದ ಸಿನಿಮಾಗಳ ಮಿರುಗುವ ಅಂಗಿ, ತಿರುಗುವ ದೀಪ ಎಂದಷ್ಟೇ ನಾನು ತಿಳಿದಿದ್ದೆ. ಊರಿಗೆಲ್ಲ ಗೊತ್ತಿದ್ದ ಸಂಗೀತದಲ್ಲಿ ‘ಅಂಡರ್‌ಗ್ರೌಂಡ್’ ಎನ್ನುವಂಥದ್ದು ಏನಿತ್ತು?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಸಿನಿಮಾದವರು ಡಿಸ್ಕೊವನ್ನು ಕಂಡುಕೊಂಡದ್ದು ತಡವಾಗಿ. ಹಾಲಿವುಡ್ಡಿನ ಹೆಸರಾಂತ ಡಿಸ್ಕೊ ಚಿತ್ರ ತೆರೆಗೆ ಬಂದ 1977ರ ಹೊತ್ತಿಗೆ ಆ ಸಂಗೀತಕ್ಕೆ ಆಗಲೇ ಆರೇಳು ವರ್ಷ ವಯಸ್ಸಾಗಿತ್ತು. 1970ರ ಫೆಬ್ರುವರಿ 14ರಂದು ಡೇವಿಡ್ ಮ್ಯಾಂಕುಸೊ ಎಂಬಾತ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ತಾನು ವಾಸವಾಗಿದ್ದ ವಿಶಾಲವಾದ ಮಹಡಿಯಲ್ಲಿ ಸ್ನೇಹಿತರನ್ನು ಕರೆದು ರಾತ್ರಿಯಿಡೀ ತಟ್ಟೆ ಹಾಕಿ ಕುಣಿಸಿದ. ‘ದಿ ಲಾಫ್ಟ್’ ಎಂದು ಹೆಸರಾದ ಈ ಕೂಟಕ್ಕೆ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶವಿತ್ತು, ಮದ್ಯದ ಮಾರಾಟವಿರಲಿಲ್ಲ. ಬೇರೆ ಕಡೆ ಬಾಗಿಲಲ್ಲೇ ತಡೆಯಲ್ಪಡುತ್ತಿದ್ದ ಕಪ್ಪು ಜನ, ಲ್ಯಾಟಿನ್ ಅಮೆರಿಕದ ಮೂಲದವರು, ಸಲಿಂಗಿಗಳು ಅಲ್ಲಿ ಒಟ್ಟಿಗೆ ಕುಣಿಯುತ್ತಿದ್ದರು. 1977ರಿಂದ 1987ರವರೆಗೆ ಅದೇ ನಗರದಲ್ಲಿ, ಹಿಂದೆ ವಾಹನ ನಿಲ್ಲಿಸುತ್ತಿದ್ದ ಕಟ್ಟಡವೊಂದರಲ್ಲಿ ನಡೆದ ‘ಪ್ಯಾರಡೈಸ್ ಗರಾಜ್’ ಇನ್ನೊಂದು ಇಂಥ ತಾಣ. ಅಲ್ಲಿ ತಟ್ಟೆ ಹಾಕುತ್ತಿದ್ದವನು ಲ್ಯಾರಿ ಲೆವಾನ್. ರೇಡಿಯೊ ಮುಟ್ಟದ ಹಾಡುಗಳು ಇಂಥ ಕಡೆ ಮನೆಮಾತಾಗುತ್ತಿದ್ದವು, ಅವುಗಳನ್ನು ಸಣ್ಣ ಕಂಪನಿಗಳು ಕಡಿಮೆ ಪ್ರತಿಗಳಲ್ಲಿ ಅಚ್ಚು ಹಾಕುತ್ತಿದ್ದವು. ಅಂಡರ್‌ಗ್ರೌಂಡ್ ಎಂಬ ಮಾತಿಗೆ ಇಲ್ಲಿ ಇಷ್ಟೇ ಅರ್ಥ.

ತಟ್ಟೆಯ ಗಾತ್ರವನ್ನೂ ಈ ಕುಣಿತವೇ ಬದಲಿಸಿತು. ಏಳು ಇಂಚಿನ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಹಾಡು ಮುಗಿದರೆ ಕುಣಿಯುವವರ ಕಾಲು ನಿಂತುಬಿಡುತ್ತದೆ. ಹಾಡುಗಳನ್ನು ಹಿಗ್ಗಿಸುವುದರಲ್ಲಿ ಹೆಸರು ಮಾಡಿದ್ದ ಟಾಮ್ ಮೌಲ್ಟನ್ ಹೇಳುವಂತೆ, ಒಂದು ದಿನ ಸ್ಟುಡಿಯೊದಲ್ಲಿ ಏಳು ಇಂಚಿನ ಖಾಲಿ ತಟ್ಟೆಗಳು ಮುಗಿದುಹೋಗಿದ್ದವು; ಅನಿವಾರ್ಯವಾಗಿ ದೊಡ್ಡ ತಟ್ಟೆಯ ಮೇಲೆ ಗೆರೆ ಕೊರೆದು ನೋಡಿದಾಗ, ಗೆರೆಗಳಿಗೆ ಹರವು ಸಿಕ್ಕಿ ತಾಳದ ಗುದ್ದು ಎಂದೂ ಕೇಳದಷ್ಟು ಗಟ್ಟಿಯಾಗಿ ಬಂತು. 1976ರಲ್ಲಿ ಸಾಲ್‌ಸೋಲ್ ಕಂಪನಿ, ವಾಲ್ಟರ್ ಗಿಬನ್ಸ್ ಹಿಗ್ಗಿಸಿಕೊಟ್ಟ ಒಂಬತ್ತು ನಿಮಿಷಕ್ಕೂ ಮೀರಿದ ಹಾಡೊಂದನ್ನು ಹನ್ನೆರಡು ಇಂಚಿನ ತಟ್ಟೆಯಲ್ಲಿ ಅಂಗಡಿಗೆ ತಂದಿತು.

ಇನ್ನು ಈ ಸಂಗೀತ ಮರೆಗೆ ಸರಿದದ್ದು ಹೇಗೆ ಎಂಬ ವಿಚಾರ. 1979ರ ಜುಲೈ 12ರಂದು ಷಿಕಾಗೊ ನಗರದ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ರೇಡಿಯೊ ನಿರೂಪಕನೊಬ್ಬ ಜನ ತಂದಿದ್ದ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಹಾರಿಸಿದ. ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ದೊಡ್ಡ ಕಂಪನಿಗಳು ಅಲ್ಲಿಂದ ಮುಂದೆ ಡಿಸ್ಕೊ ಎಂಬ ಹೆಸರನ್ನೇ ಕೈಬಿಟ್ಟವು. ಕುಣಿಯುವವರು ಮಾತ್ರ ಕುಣಿತ ಬಿಡಲಿಲ್ಲ. ಇಂದು ಹುಡುಕಾಟ ನಡೆದಿರುವುದು ಹೆಚ್ಚಾಗಿ ಆ ನಂತರದ ತಟ್ಟೆಗಳಿಗೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ, 1980ರ ಆಸುಪಾಸಿನಲ್ಲಿ, ಕೊಂಡು ತಂದ ಸುಮಾರು ನಲವತ್ತು ತಟ್ಟೆಗಳು ಮೂಲಮನೆಯ ಅಟ್ಟದಲ್ಲಿವೆ. ಡಿಸ್ಕೊ ತಟ್ಟೆ ಎಂದರೆ ಲಕ್ಷಗಟ್ಟಲೆ ಬೆಲೆ ಎಂದು ಮಗ ಹೇಳುತ್ತಾನೆ. ನಂಬಬಹುದೇ?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಮಗನ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿದೆ, ಕ್ಷಮಿಸಿ. ಹಳೆಯದೆಲ್ಲ ಅಪರೂಪವಲ್ಲ. ಲಕ್ಷಾಂತರ ಮನೆಗಳಲ್ಲಿದ್ದ ಹಿಂದಿ ಚಿತ್ರಗೀತೆಗಳ ಡಿಸ್ಕೊ ತಟ್ಟೆ ಈಗಲೂ ಲಕ್ಷಾಂತರ ಮನೆಗಳಲ್ಲಿದೆ. ಬಂದ ಕಾಲದಲ್ಲಿ ಯಾರೂ ಕೊಳ್ಳದೆ ಬಿಟ್ಟದ್ದು ಇಂದು ಅಪರೂಪವಾಗಿದೆ. ಎರಡು ಉದಾಹರಣೆ ಕೊಡುತ್ತೇನೆ. ಎರಡೂ 1982ರವು, ಎರಡೂ ಬಿಡುಗಡೆಯಾದಾಗ ಸದ್ದು ಮಾಡದೆ ಹೋದವು.

ಚರಣ್‌ಜಿತ್ ಸಿಂಗ್ ಮುಂಬಯಿಯ ಚಿತ್ರಸಂಗೀತದ ವಾದ್ಯಗಾರರಲ್ಲಿ ಒಬ್ಬರು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು, ಅಂದರೆ ತಾಳಕ್ಕೆ ಟಿಆರ್-808, ಮಂದ್ರದ ಸ್ವರಗಳಿಗೆ ಟಿಬಿ-303, ರಾಗದ ಎಳೆಗೆ ಜುಪಿಟರ್-8, ಒಂದಕ್ಕೊಂದು ಜೋಡಿಸಿ, ಭೈರವ್, ಲಲಿತ್, ತೋಡಿ, ಯಮನ್, ಮೇಘ್ ಮಲ್ಹಾರ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಟಿಬಿ-303 ಯಂತ್ರದ ಜಾರುವ, ಬಾಗುವ ದನಿಗೂ ನಮ್ಮ ಗಮಕಕ್ಕೂ ಎಲ್ಲೋ ನಂಟಿರಬೇಕು. ಆ ಮೇಘ್ ಮಲ್ಹಾರನ್ನು ಆಷಾಢದ ಒಂದು ಸಂಜೆ, ಹೆಂಚಿನ ಮೇಲೆ ಮಳೆ ಬೀಳುತ್ತಿರುವಾಗ ಕೇಳಿ ನೋಡಿ, ಯಂತ್ರ ನುಡಿಸುತ್ತಿದೆ ಎಂಬುದು ಮರೆತುಹೋಗುತ್ತದೆ. ತಟ್ಟೆ ಹೆಚ್ಚು ಮಾರಾಟವಾಗಲಿಲ್ಲ. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕ ದೆಹಲಿಯ ಅಂಗಡಿಯೊಂದರಲ್ಲಿ ಅದನ್ನು ಕಂಡು, 2010ರಲ್ಲಿ ಮರುಮುದ್ರಿಸಿದಾಗ ಪಶ್ಚಿಮದ ಕೇಳುಗರು ದಂಗಾದರು. ಏಕೆಂದರೆ ಷಿಕಾಗೊದ ಹುಡುಗರು ಅದೇ 303 ಯಂತ್ರದಿಂದ ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತ ಹೊರತಂದದ್ದು 1987ರಲ್ಲಿ, ಅಂದರೆ ಇವರಿಗಿಂತ ಐದು ವರ್ಷ ತಡವಾಗಿ. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಭಾರತೀಯನೇ ಆಸಿಡ್ ಹೌಸ್ ಕಂಡುಹಿಡಿದ ಎಂದು ಕೆಲವರು ಎದೆ ತಟ್ಟಿಕೊಳ್ಳುವುದು ನನಗೆ ಅಷ್ಟು ರುಚಿಸುವುದಿಲ್ಲ; ಒಂದೇ ಯಂತ್ರ ಇಬ್ಬರ ಕೈಯಲ್ಲಿ ಒಂದೇ ಬಗೆಯ ದನಿ ಕೊಟ್ಟಿತು ಎನ್ನುವುದೇ ಸಾಕಷ್ಟು ಸೋಜಿಗದ ಸಂಗತಿ. 2015ರಲ್ಲಿ ತೀರಿಕೊಂಡ ಸಿಂಗ್ ಅವರು, ಕೊನೆಯ ವರ್ಷಗಳಲ್ಲಿ ಯೂರೋಪಿನ ವೇದಿಕೆಗಳಲ್ಲಿ ಈ ಸಂಗೀತವನ್ನು ನುಡಿಸಿದರು.

ಇನ್ನೊಂದು, ಬಂಗಾಳದ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿ ನಗರಕ್ಕೆ ಹೋಗಿದ್ದಾಗ ಧ್ವನಿಮುದ್ರಿಸಿದ ‘ಡಿಸ್ಕೊ ಜಾಝ್’. ಆಶಿಶ್ ಖಾನರ ಸರೋದ್, ಪ್ರಾಣೇಶ್ ಖಾನರ ತಬಲಾ, ಅಲ್ಲಿಯವರ ಗಿಟಾರ್, ಒಟ್ಟು ನಾಲ್ಕೇ ಹಾಡು. ಕಲ್ಕತ್ತೆಯ ಮೆಗಾಫೋನ್ ಕಂಪನಿ ಹೊರತಂದ ಆ ತಟ್ಟೆಯನ್ನು ಹಾಡಿದವರೇ ಮರೆತು ಸಂಸಾರದಲ್ಲಿ ಮುಳುಗಿದ್ದರು. ದಶಕಗಳ ನಂತರ ಅಂತರ್ಜಾಲದಲ್ಲಿ ಅದನ್ನು ಜನ ಮುಗಿಬಿದ್ದು ಕೇಳುತ್ತಿದ್ದಾರೆಂಬುದು ಮಗನಿಂದ ಅವರಿಗೆ ತಿಳಿಯಿತು. 2019ರಲ್ಲಿ ಷಿಕಾಗೊದ ನ್ಯೂಮೆರೊ ಗ್ರೂಪ್ ಅದನ್ನು ಅಧಿಕೃತವಾಗಿ ಮರುಮುದ್ರಿಸಿತು.

ಆದ್ದರಿಂದ ಚಿಕ್ಕಪ್ಪನವರ ನಲವತ್ತರಲ್ಲಿ, ಹೆಸರಾಂತ ಚಿತ್ರಗಳ ತಟ್ಟೆಗಳನ್ನು ಬದಿಗಿಟ್ಟು, ‘ಇದನ್ನು ಇವರು ಯಾಕೆ ಕೊಂಡರೋ’ ಎನಿಸುವ ತಟ್ಟೆಗಳನ್ನು ಮೊದಲು ನೋಡಿ. ಹಾಡು ಮುಗಿಯುವ ಕಡೆ, ಕೊನೆಯ ಗೆರೆಗೂ ನಡುವಿನ ಚೀಟಿಗೂ ಮಧ್ಯೆ ಇರುವ ನುಣುಪಾದ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಅಲ್ಲಿ ಸಣ್ಣ ಅಕ್ಷರ ಮತ್ತು ಅಂಕಿಗಳು ಕಾಣುತ್ತವೆ. ತಟ್ಟೆ ಯಾವ ಅಚ್ಚಿನದು, ಮೊದಲ ಮುದ್ರಣವೋ ಆಮೇಲಿನದೋ ಎಂಬುದನ್ನು ಬಲ್ಲವರು ಅದರಿಂದಲೇ ಓದುತ್ತಾರೆ. ಅದನ್ನು ಬರೆದುಕೊಂಡು, ತಟ್ಟೆಗಳ ಮುದ್ರಣದ ವಿವರಗಳನ್ನು ಪಟ್ಟಿ ಮಾಡಿರುವ ಡಿಸ್ಕಾಗ್ಸ್ ಎಂಬ ಅಂತರ್ಜಾಲ ತಾಣದಲ್ಲಿ ಹೋಲಿಸಿ ನೋಡುವವರೆಗೆ ಯಾರಿಗೂ ಮಾರಬೇಡಿ.

ಪ್ರಶ್ನೆ: ಮಳೆಗಾಲ ಕಳೆದು ನೋಡಿದರೆ ತಟ್ಟೆಗಳ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿದೆ. ಬಿಸಿಲಿಗಿಟ್ಟು ಒಣಗಿಸಿದರೆ ಸಾಕೇ?
(ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ದಯವಿಟ್ಟು ಬೇಡ. ಅಡಿಕೆಗೆ ಒಗ್ಗುವ ಬಿಸಿಲು ತಟ್ಟೆಗೆ ಒಗ್ಗುವುದಿಲ್ಲ. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ ಬಿಸಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ತೊಳೆದ ತಟ್ಟೆಯೊಂದನ್ನು ನಾನೇ ಒಮ್ಮೆ ಬಚ್ಚಲೊಲೆಯ ಪಕ್ಕ ಒಣಗಲು ಇಟ್ಟು, ಹಪ್ಪಳದಂತೆ ಅಂಚು ಮುರುಟಿಸಿಕೊಂಡಿದ್ದೇನೆ. ಅದು ಇಂದಿಗೂ ಗೋಡೆಯ ಮೇಲಿದೆ.

ಬೂಷ್ಟು ತಿನ್ನುವುದು ವಿನೈಲನ್ನಲ್ಲ, ಅದರ ಮೇಲಿನ ದೂಳು, ಬೆರಳಿನ ಜಿಡ್ಡು ಮತ್ತು ಕವರಿನ ಕಾಗದವನ್ನು. ಆದ್ದರಿಂದ ಹೆಚ್ಚಿನ ತಟ್ಟೆಗಳು ಉಳಿಯುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕುಳಿತು, ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣ ಬೂಷ್ಟನ್ನು ತೆಗೆಯಿರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿ, ನಡುವಿನ ಚೀಟಿಗೆ ನೀರು ತಾಗದಂತೆ, ಗೆರೆಗಳು ಓಡುವ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ. ಪೆಟ್ಟಿಗೆಯಲ್ಲಿ 78 ಸುತ್ತಿನ ಅರಗಿನ ತಟ್ಟೆಗಳೂ ಇದ್ದರೆ ಅವುಗಳಿಗೆ ಸ್ಪಿರಿಟ್ ಸೋಕಿಸಲೇಬೇಡಿ, ಅರಗು ಕರಗುತ್ತದೆ. ಬೂಷ್ಟು ಹಿಡಿದ ಒಳಕಾಗದವನ್ನು ಎಸೆದು ಹೊಸತನ್ನು ಹಾಕಿ, ತಟ್ಟೆಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಆರಿದ್ರೆಯಿಂದ ಆಶ್ಲೇಷದವರೆಗೆ ಅವು ಅಟ್ಟದಲ್ಲಾಗಲಿ, ಹೊರಗೋಡೆಗೆ ತಾಗಿದ ಬೀರುವಿನಲ್ಲಾಗಲಿ ಇರಬಾರದು.

ಪ್ರಶ್ನೆ: ನನ್ನಲ್ಲಿರುವ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕಬಹುದೇ?
(ಓದುಗರೊಬ್ಬರು, ಹೊಸನಗರ)

ಉತ್ತರ: ಇಳಿಸಬಹುದು, ಹಾಕುವಂತಿಲ್ಲ. ನಮ್ಮ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1982ರ ತಟ್ಟೆಯ ಹಕ್ಕು 2042ರ ಕೊನೆಯವರೆಗೆ ಉಳಿದಿದೆ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ಅಭಿಮಾನಿಗಳು ಅಕ್ರಮವಾಗಿ ಹಾಕಿದ್ದರಿಂದಲೇ ಎಷ್ಟೋ ಮರೆತ ಸಂಗೀತ ಮತ್ತೆ ಬೆಳಕಿಗೆ ಬಂದಿದೆ ಎಂಬುದು ನಿಜ. ಆದರೂ ಕಾಯಿದೆ ಇರುವುದು ಹೀಗೆ. ಇಳಿಸುವಾಗ ತಟ್ಟೆಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ, ತಟ್ಟೆಯ ಕ್ಷೀಣ ದನಿಯನ್ನು ಹೆಚ್ಚಿಸಿ ಸರಿದೂಗಿಸುವ ಫೋನೊ ಪ್ರಿಆಂಪ್ ಎಂಬ ಸಣ್ಣ ಸಾಧನ ಇರಲೇಬೇಕು, ಇಲ್ಲದಿದ್ದರೆ ದನಿ ತಗಡು ಬಡಿದಂತೆ ಕೇಳುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. ಎಂಪಿ3 ಬದಲು, ದನಿಯ ಯಾವ ಅಂಶವನ್ನೂ ಕಳೆಯದ ಫ್ಲ್ಯಾಕ್ ರೂಪದಲ್ಲಿ ಉಳಿಸಿ.

ಪ್ರಶ್ನೆ: ಕನ್ನಡದವರಿಗೂ ಈ ಡಿಸ್ಕೊಗೂ ಏನಾದರೂ ಸಂಬಂಧವಿದೆಯೇ? ನಮ್ಮ ಮಲೆನಾಡಿನಲ್ಲಿ ಇಂಥ ತಟ್ಟೆಗಳನ್ನು ಹುಡುಕುವುದೆಲ್ಲಿ?
(ನಿವೃತ್ತ ಶಿಕ್ಷಕರು, ಕೊಪ್ಪ)

ಉತ್ತರ: ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರಾದ ಬಿದ್ದು ಅವರು ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಜಗತ್ತಿನಾದ್ಯಂತ ಗೆದ್ದ ಡಿಸ್ಕೊ ಹಾಡೊಂದನ್ನು ನಿರ್ಮಿಸಿದರು. ಆಮೇಲೆ ಪಾಕಿಸ್ತಾನದ ಗಾಯಕಿ ನಾಝಿಯಾ ಹಸನ್ ಅವರ 1981ರ ‘ಡಿಸ್ಕೊ ದೀವಾನೆ’ಗೆ ಸಂಗೀತ ಕೊಟ್ಟವರೂ ಅವರೇ. ಕನ್ನಡ ಚಿತ್ರಗೀತೆಗಳಲ್ಲೂ ಎಂಬತ್ತರ ದಶಕದಲ್ಲಿ ಡಿಸ್ಕೊ ತಾಳ ಧಾರಾಳವಾಗಿ ಬಂತು.

ಹುಡುಕುವುದಾದರೆ ಶ್ರೀಮಂತರ ಮನೆಗಳಿಗಿಂತ ಮೊದಲು ಹಳೆಯ ಮೈಕ್‌ಸೆಟ್‌ನವರನ್ನು ಹಿಡಿಯಿರಿ. ಮದುವೆಗೆ, ಮಾರಿಜಾತ್ರೆಗೆ, ಗಣಪತಿ ಕೂರಿಸಿದಲ್ಲಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದ ಅವರು ಹೊಸ ತಟ್ಟೆಗಳನ್ನು ಕಂತೆಯಾಗಿ ಕೊಳ್ಳುತ್ತಿದ್ದರು. ಕೇಳಿದ ಹಾಡಿನ ಜೊತೆಗೆ ಕೇಳದ ತಟ್ಟೆಯೂ ಬರುತ್ತಿತ್ತು. ಕ್ಯಾಸೆಟ್ಟು ಬಂದ ಮೇಲೆ ಆ ತಗಡಿನ ಪೆಟ್ಟಿಗೆಗಳು ಆಂಪ್ಲಿಫೈಯರಿನ ಅಡಿಗೆ ಸರಿದವು. ಅವುಗಳಲ್ಲಿನ ಚಿತ್ರಗೀತೆಗಳು ಸವೆದು ಬೆಳ್ಳಗಾಗಿರುತ್ತವೆ. ಜಾತ್ರೆಯಲ್ಲಿ ಯಾರೂ ಕೇಳದ ಕಾರಣ ಒಂದೆರಡು ಬಾರಿ ಮಾತ್ರ ಮುಳ್ಳು ತಾಗಿ, ಇನ್ನೂ ಕಪ್ಪಗೆ ಹೊಳೆಯುತ್ತಿರುವ ತಟ್ಟೆ ಕಂಡರೆ ಅದನ್ನು ಎತ್ತಿಕೊಳ್ಳಿ. ಪೆಟ್ಟಿಗೆಯವರಿಗೆ ನ್ಯಾಯವಾದ ಬೆಲೆ ಕೊಡಿ, ಜೊತೆಗಿರುವ ಖಾಲಿ ಕವರುಗಳನ್ನೂ ಕೇಳಿ ಪಡೆಯಿರಿ. ಒಳಗಿನ ತಟ್ಟೆ ಬೇರೊಂದು ಕವರಿನಲ್ಲಿ ಸಿಕ್ಕುವುದೇ ಹೆಚ್ಚು.